ರೆಸ್ಪೆಕ್ಟ್, ಸಸ್ಪೆಕ್ಟ್, ಸ್ಪೈಸ್: ‘ನೋಡು’ ಎಂಬ ಧಾತುವಿನ ಇಂಗ್ಲಿಷ್ ಮನೆತನ

ಪ್ರಶ್ನೆ: ಎಂಟನೇ ತರಗತಿಯಲ್ಲಿರುವ ಮಗಳ ಇಂಗ್ಲಿಷ್ ವ್ಯಾಕರಣ ಪುಸ್ತಕದಲ್ಲಿ ‘ಸ್ಪೆಕ್ಟ್ ಎಂದರೆ ನೋಡು’ ಎಂದು ಬರೆದು, ಕೆಳಗೆ ಇನ್‌ಸ್ಪೆಕ್ಟ್, ರೆಸ್ಪೆಕ್ಟ್, ಸಸ್ಪೆಕ್ಟ್, ಎಕ್ಸ್‌ಪೆಕ್ಟ್ ಎಂಬ ಪಟ್ಟಿ ಕೊಟ್ಟಿದ್ದಾರೆ. ಇನ್‌ಸ್ಪೆಕ್ಟ್ ಸರಿ. ಆದರೆ ಗೌರವ, ಅನುಮಾನ, ನಿರೀಕ್ಷೆ ಇವುಗಳಲ್ಲಿ ‘ನೋಡುವುದು’ ಎಲ್ಲಿದೆ ಎಂದು ಅವಳು ಕೇಳಿದರೆ ನನಗೆ ಉತ್ತರ ಹೊಳೆಯಲಿಲ್ಲ. ಸ್ಪೆಷಲ್, ಸ್ಪೈಸ್ ಕೂಡ ಇದೇ ಗುಂಪಿಗೆ ಸೇರಿದವೇ? ಸಂಸ್ಕೃತದ ‘ಪಶ್ಯತಿ’ಗೂ ಇದಕ್ಕೂ ನಂಟಿದೆ ಎನ್ನುವುದು ನಿಜವೇ? ಇವನ್ನೆಲ್ಲ ಹೇಗೆ ಹೇಳಿಕೊಡಬೇಕು?

ಉತ್ತರ: ಪುಸ್ತಕದ ಮಾತು ತಪ್ಪಲ್ಲ, ಅರ್ಧಕ್ಕೆ ನಿಂತಿದೆ ಅಷ್ಟೇ. ‘ಸ್ಪೆಕ್ಟ್’ ಹೇಳುವುದು ನೋಟವನ್ನು ಮಾತ್ರ. ಆ ನೋಟ ಯಾವ ಕಡೆಗೆ ಎಂಬುದನ್ನು ಮುಂದೆ ಸೇರಿರುವ ಉಪಸರ್ಗ ಹೇಳುತ್ತದೆ. ಹಾಗೆ ನೋಡುವವರ ಮನಸ್ಸಿನಲ್ಲಿ ಏನಿತ್ತು ಎಂಬುದು ಶತಮಾನಗಳ ಬಳಕೆಯಲ್ಲಿ ಬಂದು ಕೂಡಿಕೊಂಡದ್ದು. ಮೂರನ್ನೂ ಒಟ್ಟಿಗೆ ಹೇಳಿಕೊಡದೆ ಬರೀ ‘ಸ್ಪೆಕ್ಟ್ = ನೋಡು’ ಎಂದು ಬಾಯಿಪಾಠ ಮಾಡಿಸಿದರೆ ಮಗು ನಿಮ್ಮ ಮಗಳಂತೆಯೇ ಪ್ರಶ್ನೆ ಕೇಳುತ್ತದೆ, ಕೇಳಲೇಬೇಕು.

ಕನ್ನಡ ಬಲ್ಲ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ನಮ್ಮಲ್ಲಿ ಇಂಥದೇ ಒಂದು ಮನೆತನ ಆಗಲೇ ಇದೆ. ನೀವು ಬರೆದ ‘ನಿರೀಕ್ಷೆ’ಯನ್ನೇ ಬಿಡಿಸಿ: ನಿರ್ + ಈಕ್ಷೆ. ‘ಈಕ್ಷ್’ ಎಂದರೆ ನೋಡು. ನಿರ್ ಎಂದರೆ ಹೊರಗೆ. ಬರಬೇಕಾದವರಿಗಾಗಿ ಹೊರಗೆ ಕಣ್ಣು ನೆಟ್ಟಿರುವುದು ನಿರೀಕ್ಷೆ. ಸುತ್ತಲೂ ನೋಡಿದರೆ ಪರಿ + ಈಕ್ಷೆ, ಪರೀಕ್ಷೆ. ಒಟ್ಟಾಗಿ ಎಲ್ಲವನ್ನೂ ನೋಡಿದರೆ ಸಮೀಕ್ಷೆ. ಕಂಡೂ ಕಾಣದಂತೆ ಬಿಟ್ಟರೆ ಉಪೇಕ್ಷೆ. ಬೇಕೆಂದು ನೋಡಿದರೆ ಅಪೇಕ್ಷೆ. ನಾಟಕ ನೋಡುವವರು ಪ್ರೇಕ್ಷಕರು, ಕ್ರಿಕೆಟ್ ಕಾಮೆಂಟರಿ ಹೇಳುವವರು ವೀಕ್ಷಕ ವಿವರಣೆಕಾರರು, ಮೇಲೆ ನಿಂತು ನೋಡಿಕೊಳ್ಳುವವರು ಅಧೀಕ್ಷಕರು. ಪರೀಕ್ಷೆಗೂ ಉಪೇಕ್ಷೆಗೂ ಧಾತು ಒಂದೇ, ಅರ್ಥ ಮಾತ್ರ ಎತ್ತಲಿಂದೆತ್ತ! ಇದರಲ್ಲಿ ಯಾರಿಗೂ ಗೊಂದಲವಿಲ್ಲ, ಏಕೆಂದರೆ ಪದಗಳು ಬಳಕೆಯಲ್ಲಿ ಪಳಗಿವೆ. ಲ್ಯಾಟಿನ್ ಭಾಷೆ ‘ಸ್ಪೆಕೆರೆ’ ಎಂಬ ಧಾತುವಿನಿಂದ ಮಾಡಿದ್ದೂ ಇದೇ ಕೆಲಸ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ಈಕ್ಷ್ ಮತ್ತು ಸ್ಪೆಕೆರೆ ಒಂದೇ ಮೂಲದವಲ್ಲ. ಪದ ಕಟ್ಟುವ ರೀತಿ ಮಾತ್ರ ಒಂದೇ.

ಮೊದಲು ಧಾತುವಿನ ರೂಪಗಳನ್ನು ಗುರುತು ಹಿಡಿಯಬೇಕು. ಪಠ್ಯಪುಸ್ತಕಗಳು ಸೋಲುವುದು ಇಲ್ಲೇ. ಅವು ‘ಸ್ಪೆಕ್ಟ್’ ಒಂದನ್ನೇ ಕೊಡುವುದರಿಂದ ಮನೆತನದ ಅರ್ಧ ಜನ ಲೆಕ್ಕಕ್ಕೇ ಸಿಗುವುದಿಲ್ಲ. ಲ್ಯಾಟಿನ್‌ನಲ್ಲಿ ಧಾತು ಒಂಟಿಯಾಗಿದ್ದಾಗ ‘ಸ್ಪೆಕ್’. ಮುಂದೆ ಉಪಸರ್ಗ ಸೇರಿದರೆ ಎಕಾರ ಸಡಿಲಗೊಂಡು ‘ಸ್ಪಿಕ್’ ಆಗುತ್ತದೆ. ಆದರೆ ‘ಕ್ಟ್’ ಎಂಬ ಒತ್ತಕ್ಷರ ಬಂದಲ್ಲಿ ಎಕಾರ ಹಾಗೇ ಉಳಿಯುತ್ತದೆ. ಆದ್ದರಿಂದಲೇ ಸಸ್ಪೆಕ್ಟ್‌ನಲ್ಲಿ ‘ಇ’ ಎಂಬ ಇಂಗ್ಲಿಷ್ ಅಕ್ಷರ, ಸಸ್ಪಿಷನ್‌ನಲ್ಲಿ ‘ಐ’ ಎಂಬ ಅಕ್ಷರ. ಮಕ್ಕಳು ‘ಸಸ್ಪೆಕ್ಟ್‌ನಿಂದ ಬಂದದ್ದಲ್ಲವೇ’ ಎಂದುಕೊಂಡು ಸಸ್ಪಿಷನ್‌ಗೂ ‘ಇ’ ಹಾಕಿ ಅಂಕ ಕಳೆದುಕೊಳ್ಳುವುದು ಇದು ತಿಳಿಯದೆ. ಕಾನ್‌ಸ್ಪಿಕ್ಯುಅಸ್, ಡೆಸ್ಪಿಕಬಲ್, ಆಸ್ಪಿಷಸ್ ಇವೆಲ್ಲ ‘ಸ್ಪಿಕ್’ ಗುಂಪಿನವು. ಅಲ್ಲಿಯ ‘ಸಿ’ ಅಕ್ಷರ ಲ್ಯಾಟಿನ್‌ನಲ್ಲಿ ಕಕಾರವೇ ಆಗಿತ್ತು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಕೆಲವು ಕಡೆ ಸಕಾರವಾಯಿತು, ಇನ್ನು ಕೆಲವು ಕಡೆ ಷಕಾರವಾಯಿತು. ಹಾಗಾಗಿ ಕಿವಿಗೆ ಬೇರೆ ಬೇರೆಯಾಗಿ ಕೇಳಿದರೂ ಕಣ್ಣಿಗೆ ಎಸ್, ಪಿ, ಸಿ ಕಾಣುತ್ತಿದ್ದರೆ ಒಮ್ಮೆ ನಿಂತು ನೋಡಬೇಕು.

ಇನ್ನು ಉಪಸರ್ಗ. ಇನ್, ರೆ, ಪ್ರೊ, ಪರ್, ರೆಟ್ರೊ, ಇಂಟ್ರೊ, ಸರ್ಕಮ್ ಇವು ಸ್ಪಷ್ಟವಾಗಿ ಕಾಣುತ್ತವೆ. ಕೀಲು ಮುಚ್ಚಿಹೋಗಿರುವುದು ಮೂರರಲ್ಲಿ. ಆಸ್ಪೆಕ್ಟ್‌ನಲ್ಲಿ ಇದ್ದದ್ದು ‘ಅದ್’, ಅಂದರೆ ಕಡೆಗೆ. ದಕಾರ ಬಿದ್ದುಹೋಗಿದೆ. ಸಸ್ಪೆಕ್ಟ್‌ನಲ್ಲಿ ಇದ್ದದ್ದು ‘ಸಬ್’, ಅಂದರೆ ಅಡಿಯಿಂದ. ಬಕಾರ ಬಿದ್ದುಹೋಗಿದೆ. ಎಕ್ಸ್‌ಪೆಕ್ಟ್‌ನಲ್ಲಿ ಬಿದ್ದದ್ದು ಉಪಸರ್ಗದ ಅಕ್ಷರವಲ್ಲ, ಧಾತುವಿನ ಸಕಾರ. ‘ಎಕ್ಸ್’ ಅಕ್ಷರದ ಉಚ್ಚಾರದಲ್ಲೇ ಕಕಾರ ಸಕಾರ ಎರಡೂ ಇರುವುದರಿಂದ ಇನ್ನೊಂದು ಸಕಾರ ಅದರಲ್ಲೇ ಕರಗಿತು. ಮಗಳಿಗೆ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಹಾಕಿ ಬಿಡಿಸಲು ಹೇಳಿ: ರೆ | ಸ್ಪೆಕ್ಟ್, ಇನ್ | ಸ್ಪೆಕ್ಟ್, ಆ | ಸ್ಪೆಕ್ಟ್, ಸ | ಸ್ಪೆಕ್ಟ್, ಎಕ್ಸ್ | ಪೆಕ್ಟ್. ಕೊನೆಯದರಲ್ಲಿ ‘ಸ್ಪೆಕ್ಟ್’ ಕಾಣದಿರುವುದನ್ನು ಅವಳೇ ಗಮನಿಸಲಿ. ಕಾರಣವನ್ನು ಆಮೇಲೆ ಹೇಳಿ.

ಈಗ ಅವಳ ಮೂರು ಸಂಶಯಗಳು. ಎಕ್ಸ್‌ಪೆಕ್ಟ್ ಸುಲಭ. ‘ಹೊರಗೆ ನೋಡು’ ಎಂಬಲ್ಲಿ ಅದು ನಿರೀಕ್ಷೆಯ ಪಡಿಯಚ್ಚು. 16ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಕಾದಿರು’ ಎಂದೇ ಇತ್ತು. ‘ಹೀಗಾಗುತ್ತದೆ ಎಂದು ಅಂದುಕೊಳ್ಳು’ ಎಂಬ ಅರ್ಥ ಅದರ ಬೆನ್ನಿಗೆ ಬೆಳೆಯಿತು. ಕನ್ನಡದಲ್ಲೂ ‘ಬಸ್ಸಿನ ನಿರೀಕ್ಷೆಯಲ್ಲಿ ನಿಂತಿದ್ದರು’ ಎನ್ನುತ್ತೇವೆ, ‘ಒಳ್ಳೆಯ ಫಲಿತಾಂಶ ನಿರೀಕ್ಷಿಸುತ್ತೇವೆ’ ಎಂದೂ ಎನ್ನುತ್ತೇವೆ. ಎರಡೂ ಅರ್ಥ ನಮ್ಮ ಒಂದೇ ಪದದಲ್ಲಿ ಜೀವಂತವಾಗಿವೆ. ಇನ್‌ಸ್ಪೆಕ್ಟರ್‌ಗೆ ನಮ್ಮ ಪೊಲೀಸ್ ಠಾಣೆಯ ಫಲಕದಲ್ಲಿ ಬರೆಯುವುದು ‘ಆರಕ್ಷಕ ನಿರೀಕ್ಷಕರು’ ಎಂದು. ಅಂದರೆ ಇನ್‌ಸ್ಪೆಕ್ಟ್, ಎಕ್ಸ್‌ಪೆಕ್ಟ್ ಎರಡಕ್ಕೂ ಕನ್ನಡ ಒಂದೇ ‘ನಿರೀಕ್ಷ್’ ಅನ್ನು ದುಡಿಸಿಕೊಂಡಿದೆ.

ರೆಸ್ಪೆಕ್ಟ್‌ನಲ್ಲಿ ತುಸು ನಿಲ್ಲಬೇಕು. ‘ರೆ’ ಎಂದರೆ ಹಿಂದಕ್ಕೆ, ಮತ್ತೆ. ರೆಸ್ಪೆಕ್ಟ್ ಎಂದರೆ ತಿರುಗಿ ನೋಡುವುದು. ದಾರಿಯಲ್ಲಿ ಹೋಗುತ್ತ ಯಾರನ್ನೋ ತಿರುಗಿ ನೋಡಿದಿರಿ ಎಂದರೆ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಿ ಎಂದರ್ಥ. ‘ನಾಲ್ಕು ಜನ ತಿರುಗಿ ನೋಡುವಂತೆ ಬಾಳಬೇಕು’ ಎಂದು ನಮ್ಮ ಹಿರಿಯರು ಹೇಳುವುದರಲ್ಲಿ ಇರುವುದೂ ಇದೇ ಭಾವ. ಆದರೆ ಗೌರವ ಎಂಬ ಅರ್ಥ ಈ ಪದಕ್ಕೆ ಮೊದಲಿಗೆ ಬಂದದ್ದಲ್ಲ. 14ನೇ ಶತಮಾನದ ಕೊನೆಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗ ಅದರ ಅರ್ಥ ‘ಸಂಬಂಧ, ಒಂದನ್ನು ಗಮನದಲ್ಲಿಟ್ಟುಕೊಂಡು ಇನ್ನೊಂದನ್ನು ನೋಡುವುದು’ ಎಂದು. ಗೌರವದ ಅರ್ಥ ಗಟ್ಟಿಯಾದದ್ದು 16ನೇ ಶತಮಾನದಲ್ಲಿ. ಹಳೆಯ ಅರ್ಥ ಸತ್ತಿಲ್ಲ. ಕಚೇರಿ ಪತ್ರದ ‘ವಿತ್ ರೆಸ್ಪೆಕ್ಟ್ ಟು’, ‘ಇನ್ ರೆಸ್ಪೆಕ್ಟ್ ಆಫ್’ ಎರಡರಲ್ಲೂ ಇರುವುದು ಅದೇ. ಅಲ್ಲಿ ಗೌರವ ಹುಡುಕಿದರೆ ಸಿಗುವುದಿಲ್ಲ. ಕನ್ನಡದ ‘ಸಾಪೇಕ್ಷ’ವನ್ನು ನೆನೆಯಿರಿ: ಸ + ಅಪೇಕ್ಷೆ, ಇನ್ನೊಂದರ ಕಡೆಗಿನ ನೋಟದೊಂದಿಗೆ. ಭೌತಶಾಸ್ತ್ರದ ಸಾಪೇಕ್ಷತೆಯಲ್ಲೂ, ಗಣಿತದ ಮೇಷ್ಟ್ರು ‘ಎಕ್ಸ್ ವಿತ್ ರೆಸ್ಪೆಕ್ಟ್ ಟು ವೈ’ ಎನ್ನುವುದರಲ್ಲೂ ಇರುವ ಕಲ್ಪನೆ ಒಂದೇ.

ಈ ಎರಡು ಅರ್ಥಗಳ ಕವಲಿನಿಂದಲೇ ನಮ್ಮವರ ಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಹುಟ್ಟುತ್ತದೆ. ರೆಸ್ಪೆಕ್ಟ್‌ಫುಲಿ ಎಂದರೆ ಗೌರವಪೂರ್ವಕವಾಗಿ. ರೆಸ್ಪೆಕ್ಟಿವ್ಲಿ ಎಂದರೆ ಕ್ರಮವಾಗಿ: ‘ಸುಮಾ ಮತ್ತು ಸಲ್ಮಾ ಕ್ರಮವಾಗಿ 40, 45 ಅಂಕ ಪಡೆದರು’ ಎನ್ನುವಲ್ಲಿ ಬರುವ ಕ್ರಮವಾಗಿ. ರೆಸ್ಪೆಕ್ಟಬ್ಲಿ ಎಂದರೆ ಮರ್ಯಾದಸ್ಥರು ಒಪ್ಪುವ ಹಾಗೆ. ಅರ್ಜಿಯ ಕೊನೆಗೆ ‘ಯುವರ್ಸ್ ರೆಸ್ಪೆಕ್ಟಿವ್ಲಿ’ ಎಂದು ಬರೆದರೆ ‘ಕ್ರಮವಾಗಿ ತಮ್ಮವನು’ ಎಂದಾಗುತ್ತದೆ. ಬರೆಯಬೇಕಾದದ್ದು ರೆಸ್ಪೆಕ್ಟ್‌ಫುಲಿ. ರೆಸ್ಪೆಕ್ಟಿವ್ಲಿ ಹಾಕಬೇಕಾದರೆ ವಾಕ್ಯದಲ್ಲಿ ಎರಡು ಪಟ್ಟಿಗಳು ಇರಬೇಕು, ಎರಡರಲ್ಲೂ ಅಷ್ಟಷ್ಟೇ ಹೆಸರು ಇರಬೇಕು. ಒಂದೇ ಪಟ್ಟಿ ಇದ್ದರೆ ಆ ಪದಕ್ಕೆ ಅಲ್ಲಿ ಕೆಲಸವಿಲ್ಲ. ‘ರೆಸ್ಪೆಕ್ಟೆಡ್ ಸರ್’ ಬಗ್ಗೆಯೂ ಆಗಾಗ ಕೇಳುತ್ತಾರೆ. ವ್ಯಾಕರಣದಲ್ಲಿ ಅದು ತಪ್ಪಲ್ಲ, ‘ಮಾನ್ಯರೇ’ ಎಂಬ ನಮ್ಮ ರೂಢಿಯಿಂದ ಹುಟ್ಟಿದ ಭಾರತೀಯ ಬಳಕೆ. ಊರಿನ ಶಾಲೆಗೆ, ಕಚೇರಿಗೆ ಬರೆಯುವಾಗ ಇರಲಿ, ಹೊರದೇಶಕ್ಕೆ ಬರೆಯುವಾಗ ‘ಡಿಯರ್ ಸರ್’ ಸಾಕು. ಇದೇ ರೆಸ್ಪೆಕ್ಟ್‌ಗೆ ಫ್ರೆಂಚ್ ದಾರಿಯಲ್ಲಿ ಸವೆದು ಬಂದ ಒಬ್ಬ ಸಹೋದರನಿದ್ದಾನೆ: ರೆಸ್ಪಿಟ್, ಅಂದರೆ ತುಸು ಬಿಡುವು, ವಿರಾಮ. ಮತ್ತೊಮ್ಮೆ ನೋಡಲು ಕೊಡುವ ಕಾಲಾವಕಾಶ ಎಂಬಲ್ಲಿಂದ ಬೆಳೆದ ಅರ್ಥ ಅದು.

ಸಸ್ಪೆಕ್ಟ್‌ನ ನೋಟ ಅಡಿಯಿಂದ ಮೇಲಕ್ಕೆ, ತಲೆ ತಗ್ಗಿಸಿ ರೆಪ್ಪೆಯ ಕೆಳಗಿನಿಂದ ನೋಡುವ ನೋಟ. ಕುತೂಹಲದ ಸಂಗತಿ ಎಂದರೆ ಲ್ಯಾಟಿನ್‌ನಲ್ಲಿ ಇದೇ ಕ್ರಿಯಾಪದಕ್ಕೆ ‘ತಲೆಯೆತ್ತಿ ಮೆಚ್ಚುಗೆಯಿಂದ ನೋಡು’ ಎಂಬ ಅರ್ಥವೂ ಇತ್ತು. ಇಂಗ್ಲಿಷಿಗೆ ದಾಟಿ ಬಂದದ್ದು ಅನುಮಾನ ಮಾತ್ರ. ಇಲ್ಲಿ ಕನ್ನಡಿಗರು ಎಡವುವುದು ಬೇರೆ ಕಾರಣಕ್ಕೆ. ‘ಅವನೇ ಕದ್ದಿದ್ದಾನೆ ಅಂತ ನನಗೆ ಡೌಟು’ ಎನ್ನುತ್ತೇವೆ, ಅದನ್ನೇ ಇಂಗ್ಲಿಷಿಗೆ ಎತ್ತಿ ‘ಐ ಡೌಟ್ ಹಿ ಸ್ಟೋಲ್ ಇಟ್’ ಎಂದು ಬರೆಯುತ್ತೇವೆ. ಇಂಗ್ಲಿಷ್ ಓದುಗ ಅದನ್ನು ‘ಅವನು ಕದ್ದಿರಲಾರ’ ಎಂದು ಅರ್ಥಮಾಡಿಕೊಳ್ಳುತ್ತಾನೆ. ನಾವು ಹೇಳಬೇಕೆಂದಿದ್ದಕ್ಕೆ ನೇರ ವಿರುದ್ಧ! ಕದ್ದಿರಬಹುದು ಎಂದು ಅನ್ನಿಸಿದರೆ ಸಸ್ಪೆಕ್ಟ್, ಕದ್ದಿರಲಾರ ಎಂದು ಅನ್ನಿಸಿದರೆ ಡೌಟ್. ಡೌಟ್‌ನ ಮೂಲದಲ್ಲಿರುವುದು ‘ಎರಡು’ ಎಂಬ ಸಂಖ್ಯೆ. ಎರಡು ಮನಸ್ಸಾಗಿ ನಂಬಿಕೆ ಅಲುಗುವುದು ಡೌಟ್. ಸಸ್ಪೆಕ್ಟ್‌ನಲ್ಲಿ ಕಣ್ಣು ಏನನ್ನೋ ಕಂಡಿದೆ. ಕನ್ನಡದ ‘ಅನುಮಾನ’ ಈ ಎರಡನ್ನೂ ಹೊರುವುದರಿಂದ ಗೊಂದಲವಾಗುತ್ತದೆ. ದೂರು ಅರ್ಜಿಗಳಲ್ಲಿ, ವೈದ್ಯರಿಗೆ ಬರೆಯುವ ಟಿಪ್ಪಣಿಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಉಚ್ಚಾರದಲ್ಲಿ ಒಂದು ಸಣ್ಣ ನಿಯಮವಿದೆ: ಕ್ರಿಯಾಪದವಾದರೆ ಒತ್ತು ‘ಸ್ಪೆಕ್ಟ್’ ಮೇಲೆ, ಶಂಕಿತ ವ್ಯಕ್ತಿ ಎಂಬ ನಾಮಪದವಾದರೆ ಒತ್ತು ಮೊದಲಿನ ‘ಸಸ್’ ಮೇಲೆ.

ಕೆಳಕ್ಕೆ ನೋಡಿದರೆ ಡೆಸ್ಪೈಸ್. ‘ಕೀಳಾಗಿ ಕಾಣು’ ಎಂಬ ಕನ್ನಡದ ನುಡಿಗಟ್ಟು ಇದನ್ನು ಹಾಗೇ ಹಿಡಿದುಕೊಡುತ್ತದೆ, ವಿವರಣೆಯೇ ಬೇಡ. ಇದೇ ಪದದ ನಾಮರೂಪ ಡೆಸ್ಪೈಟ್, ಮೊದಲಿಗೆ ತಿರಸ್ಕಾರ ಎಂದೇ ಅರ್ಥ. ‘ಇನ್ ಡೆಸ್ಪೈಟ್ ಆಫ್’ ಎಂದರೆ ‘ಅದನ್ನು ಲೆಕ್ಕಿಸದೆ’. ಆ ನುಡಿ ಎರಡು ಬಗೆಯಲ್ಲಿ ಸವೆಯಿತು. ತಲೆ ಕಡಿದುಕೊಂಡು ‘ಸ್ಪೈಟ್’ ಆದದ್ದು ‘ಇನ್ ಸ್ಪೈಟ್ ಆಫ್’ನಲ್ಲಿ ಉಳಿಯಿತು. ಪೂರ್ತಿ ಉಳಿದ ‘ಡೆಸ್ಪೈಟ್’ ತನ್ನ ಹಿಂದುಮುಂದಿನ ಇನ್, ಆಫ್ ಎರಡನ್ನೂ ಬಿಟ್ಟುಕೊಟ್ಟಿತು. ಹಾಗಾಗಿ ‘ಡೆಸ್ಪೈಟ್ ಆಫ್ ದ ರೇನ್’ ತಪ್ಪು. ‘ಡೆಸ್ಪೈಟ್ ದ ರೇನ್’ ಅಥವಾ ‘ಇನ್ ಸ್ಪೈಟ್ ಆಫ್ ದ ರೇನ್’ ಇವೆರಡೇ ಸರಿ.

ಮುಂದಕ್ಕೆ ನೋಡುವ ‘ಪ್ರೊ’ದಿಂದ ಪ್ರಾಸ್ಪೆಕ್ಟ್, ಕಾಲೇಜು ಸೇರುವವರು ಕೊಳ್ಳುವ ಪ್ರಾಸ್ಪೆಕ್ಟಸ್. ಹಿಂದಕ್ಕೆ ನೋಡುವ ರೆಟ್ರೊಸ್ಪೆಕ್ಟಿವ್ ಎಲ್ಲ ಸರ್ಕಾರಿ ನೌಕರರಿಗೂ ಗೊತ್ತು. ವೇತನ ಆದೇಶ ಹಿಂದಿನ ದಿನಾಂಕದಿಂದ ಜಾರಿಯಾದರೆ ಅದು ‘ರೆಟ್ರೊಸ್ಪೆಕ್ಟಿವ್ ಎಫೆಕ್ಟ್’, ಕನ್ನಡದಲ್ಲಿ ಪೂರ್ವಾನ್ವಯ. ಇನ್ನು ಮುಂದಕ್ಕೆ ಮಾತ್ರ ಎಂದಾದರೆ ‘ಪ್ರಾಸ್ಪೆಕ್ಟಿವ್’. ಈ ಪ್ರಾಸ್ಪೆಕ್ಟಿವ್ ಅನ್ನೂ ದೃಷ್ಟಿಕೋನ ಎಂಬರ್ಥದ ಪರ್ಸ್‌ಪೆಕ್ಟಿವ್ ಅನ್ನೂ ಅದಲು ಬದಲು ಮಾಡುವವರು ಬಹಳ. ‘ಪ್ರೊ’ ಮುಂದಕ್ಕೆ, ‘ಪರ್’ ಆರಪಾರ ಎಂದು ನೆನಪಿಟ್ಟರೆ ಸಾಕು. ಆರಪಾರ ಕಾಣುವುದರಿಂದಲೇ ಪರ್ಸ್‌ಪಿಕ್ಯುಅಸ್ ಎಂದರೆ ತಿಳಿಯಾದ ಬರಹ, ಪರ್ಸ್‌ಪಿಕೇಷಸ್ ಎಂದರೆ ಆಳಕ್ಕಿಳಿದು ಕಾಣಬಲ್ಲ ಮನುಷ್ಯ.

ಆಸ್ಪೆಕ್ಟ್ ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದಲ್ಲಿ, ಜ್ಯೋತಿಷದ ಪರಿಭಾಷೆಯಾಗಿ. ಒಂದು ಗ್ರಹ ಇನ್ನೊಂದನ್ನು ನೋಡುವ ಬಗೆಗೆ ಆಸ್ಪೆಕ್ಟ್ ಎನ್ನುತ್ತಿದ್ದರು. ‘ಗುರುವಿನ ದೃಷ್ಟಿ ಇದೆ’ ಎಂದು ನಮ್ಮ ಜೋಯಿಸರು ಹೇಳುವ ಅದೇ ದೃಷ್ಟಿ. ಇಂದಿನ ‘ಅಂಶ, ಮಗ್ಗುಲು’ ಎಂಬ ಅರ್ಥ ಆಮೇಲೆ ಬೆಳೆದದ್ದು. ಆಸ್ಪಿಷಸ್ ಇನ್ನೂ ಸೊಗಸಾದದ್ದು. ಮದುವೆಯ ಆಮಂತ್ರಣದಲ್ಲಿ ತಪ್ಪದೆ ಇರುವ ಈ ಪದದಲ್ಲಿ ‘ಅವಿಸ್’ ಎಂಬ ಹಕ್ಕಿ ಅಡಗಿದೆ. ಅವಿಸ್ + ಸ್ಪೆಕೆರೆ, ಹಕ್ಕಿ ನೋಡುವುದು. ರೋಮ್‌ನಲ್ಲಿ ಅಧಿಕಾರಿಗಳೂ ದಂಡನಾಯಕರೂ ದೊಡ್ಡ ಕೆಲಸಕ್ಕೆ ಮೊದಲು ಹಕ್ಕಿಗಳ ಹಾರಾಟ, ಕೂಗು ನೋಡಿ ದೇವತೆಗಳ ಒಪ್ಪಿಗೆ ತಿಳಿಯುತ್ತಿದ್ದರು. ಯಾರ ಹೆಸರಿನಲ್ಲಿ ಶಕುನ ನೋಡಿದ್ದರೋ ಅವರ ನೇತೃತ್ವದಲ್ಲಿ ಕೆಲಸ ನಡೆಯಿತೆಂದು ಲೆಕ್ಕ. ‘ಅಂಡರ್ ದ ಆಸ್ಪಿಸಸ್ ಆಫ್’ ಎಂಬುದಕ್ಕೆ ಇಂದು ‘ಆಶ್ರಯದಲ್ಲಿ’ ಎಂಬ ಅರ್ಥ ಬಂದಿರುವುದು ಹಾಗೆ. ನಮ್ಮ ‘ಶಕುನ’ ಪದಕ್ಕೂ ಸಂಸ್ಕೃತದಲ್ಲಿ ಹಕ್ಕಿ ಎಂದೇ ಅರ್ಥ. ಬುಡುಬುಡುಕೆಯವರು ಬೆಳಗಿನ ಜಾವ ‘ಹಾಲಕ್ಕಿ ನುಡಿತೈತೆ’ ಎನ್ನುವುದೂ ಹಕ್ಕಿಯ ಮಾತನ್ನೇ ಹಿಡಿದು.

ಈಗ ಸ್ಪೆಷಲ್ ಮತ್ತು ಸ್ಪೈಸ್. ಹೌದು, ಇವೂ ಇದೇ ಗುಂಪಿನವು. ಸ್ಪೆಕೆರೆಯಿಂದ ಬಂದ ಲ್ಯಾಟಿನ್ ನಾಮಪದ ‘ಸ್ಪೆಕಿಯೆಸ್’. ಇಂಗ್ಲಿಷಿನಲ್ಲಿ ಅದನ್ನೇ ಸ್ಪೀಷೀಸ್ ಎಂದು ಓದುತ್ತಾರೆ. ಮೊದಲ ಅರ್ಥ ‘ಕಣ್ಣಿಗೆ ಕಾಣುವ ರೂಪ’. ರೂಪದಿಂದ ಬಗೆ ತಿಳಿಯುತ್ತದೆ, ಹಾಗಾಗಿ ‘ಬಗೆ, ಜಾತಿ’ ಎಂಬ ಅರ್ಥ ಬಂತು. ಒಂದು ಬಗೆಗೆ ಮಾತ್ರ ಸೇರಿದ್ದು ಸ್ಪೆಷಲ್, ಇಂಥದೇ ಎಂದು ಬೊಟ್ಟು ಮಾಡಿದ್ದು ಸ್ಪೆಸಿಫಿಕ್. ಬ್ಯಾಂಕಿನವರು ಮಾದರಿ ಸಹಿ ಎಂದು ಕೇಳುವ ಸ್ಪೆಸಿಮೆನ್ ಸಿಗ್ನೇಚರ್ ಕೂಡ ಇದೇ ಧಾತುವಿನದು. ಕಾಲ ಸರಿದಂತೆ ಸ್ಪೆಕಿಯೆಸ್‌ಗೆ ‘ಸರಕು, ಬಗೆಬಗೆಯ ಮಾಲು’ ಎಂಬ ಅರ್ಥ ಕೂಡಿತು. ಇದಕ್ಕೊಂದು ಒಳ್ಳೆಯ ಸಾಕ್ಷಿ ಉಳಿದಿದೆ. ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 533ರಲ್ಲಿ ಹೊರಡಿಸಿದ ಕಾನೂನು ಸಂಕಲನದಲ್ಲಿ, ಪೂರ್ವ ದೇಶಗಳಿಂದ ಬಂದ ಯಾವ ಸರಕಿಗೆ ಸುಂಕ ಎಂಬ ಹಳೆಯ ಪಟ್ಟಿಯೊಂದಿದೆ. ಅದರ ತಲೆಬರಹದಲ್ಲೇ ‘ಸುಂಕಕ್ಕೆ ಸೇರಿದ ಸ್ಪೆಕಿಯೆಸ್’ ಎಂದಿದೆ. ಪಟ್ಟಿ ಶುರುವಾಗುವುದು ದಾಲ್ಚಿನ್ನಿಯಿಂದ, ಆಮೇಲೆ ಹಿಪ್ಪಲಿ, ಬಿಳಿ ಮೆಣಸು. ಮುಂದೆ ಶುಂಠಿ ಬರುತ್ತದೆ, ಸಂಸ್ಕೃತದ ‘ತಮಾಲಪತ್ರ’ವೇ ರೂಪ ಬದಲಿಸಿದ ‘ಮಲಬತ್ರಮ್’ ಬರುತ್ತದೆ, ದಂತ, ರೇಷ್ಮೆ, ರತ್ನ, ಭಾರತದ ಕಬ್ಬಿಣ, ಕೊನೆಗೆ ಸಿಂಹ, ಚಿರತೆಗಳೂ ಬರುತ್ತವೆ. ಮಲಬಾರ್ ಕಡೆಯಿಂದ ಹಡಗುಗಟ್ಟಲೆ ಹೋಗುತ್ತಿದ್ದ ಕರಿಮೆಣಸು ಮಾತ್ರ ಆ ಪಟ್ಟಿಯಲ್ಲಿಲ್ಲ.

ಅಂದರೆ ಆಗ ಸಿಂಹವೂ ಒಂದು ‘ಸ್ಪೆಕಿಯೆಸ್’, ಶುಂಠಿಯೂ ಒಂದು ‘ಸ್ಪೆಕಿಯೆಸ್’. ಮುಂದಿನ ಶತಮಾನಗಳಲ್ಲಿ ಯುರೋಪಿನ ಅಂಗಡಿಗಳಲ್ಲಿ ಪದದ ಹರವು ಕುಗ್ಗಿ, ಒಣಗಿದ ಸಾಂಬಾರ ಪದಾರ್ಥ, ಔಷಧಿಯ ಬೇರು ತೊಗಟೆಗಳಿಗೆ ನಿಂತಿತು. ಇಟಲಿಯಲ್ಲಿ ಸ್ಪೆತ್ಸಿಯಾಲೆ ಎಂದರೆ ಔಷಧಿ ಅಂಗಡಿಯವನು, ಫ್ರಾನ್ಸಿನಲ್ಲಿ ಎಪಿಸಿಯೆ ಎಂದರೆ ದಿನಸಿ ಅಂಗಡಿಯವನು. ಮೆಣಸು, ಲವಂಗ, ಅಳಲೆಕಾಯಿ, ಕರ್ಪೂರ ಎಲ್ಲ ಒಂದೇ ಕಡೆ ಸಿಗುವ ನಮ್ಮ ಗ್ರಂಥಿಗೆ ಅಂಗಡಿಯನ್ನು ಕಂಡವರಿಗೆ ಈ ಎರಡು ಅರ್ಥ ಒಂದೇ ಪದದಲ್ಲಿ ಕೂಡಿದ್ದು ಸಹಜ ಎನಿಸುತ್ತದೆ. ಹಳೆಯ ಫ್ರೆಂಚಿನ ‘ಎಸ್ಪಿಸ್’ 13ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು ಸ್ಪೈಸ್ ಆಯಿತು. ಮೊದಲಿನ ಎಕಾರ ಬಂದದ್ದು, ಆಮೇಲೆ ಹೋದದ್ದು ನಾಲಿಗೆಯ ಅನುಕೂಲಕ್ಕೆ. ಸಕಾರದ ಒತ್ತಕ್ಷರದಿಂದ ಪದ ಶುರುವಾಗುವುದು ಫ್ರೆಂಚರಿಗೆ ಕಷ್ಟವಾಗಿತ್ತು. ನಮ್ಮ ಹಳ್ಳಿಗಳಲ್ಲಿ ‘ಇಸ್ಕೂಲು’, ‘ಇಸ್ಟೇಷನ್ನು’ ಎನ್ನುವುದೂ ಅದೇ ಕಾರಣಕ್ಕೆ. ಈ ಎಕಾರ ಇರುವ, ಇಲ್ಲದ ಜೋಡಿಗಳು ಇಂಗ್ಲಿಷಿನಲ್ಲಿ ಇನ್ನೂ ಇವೆ: ಎಸ್ಪೆಷಲ್ ಮತ್ತು ಸ್ಪೆಷಲ್, ಎಸ್ಪೈ ಮತ್ತು ಸ್ಪೈ. ಎಸ್ಪೆಷಲಿ ಎಂದರೆ ‘ಅದರಲ್ಲೂ ಮುಖ್ಯವಾಗಿ’, ಸ್ಪೆಷಲಿ ಎಂದರೆ ‘ಅದಕ್ಕೆಂದೇ’. ‘ಮಕ್ಕಳಿಗೆಂದೇ ಮಾಡಿದ ತಿಂಡಿ’ಗೆ ಸ್ಪೆಷಲಿ, ‘ತಿಂಡಿ ಎಲ್ಲರಿಗೂ ಇಷ್ಟ, ಅದರಲ್ಲೂ ಮಕ್ಕಳಿಗೆ’ ಎನ್ನಲು ಎಸ್ಪೆಷಲಿ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಮಾತು. ಸ್ಪೀಷೀಸ್ ಏಕವಚನದಲ್ಲೂ ಬಹುವಚನದಲ್ಲೂ ಸ್ಪೀಷೀಸೇ. ಕೊನೆಯ ‘ಎಸ್’ ತೆಗೆದು ‘ಸ್ಪೀಷಿ’ ಎಂದು ಬರೆದರೆ ಅದು ಲೋಹದ ನಾಣ್ಯ ಎಂಬ ಬೇರೆಯೇ ಪದ. ಒಂದು ಪ್ರಭೇದದ ಹೆಸರು ಖಚಿತವಿಲ್ಲದಾಗ ಕುಲನಾಮದ (ಜೀನಸ್ ಹೆಸರಿನ) ನಂತರ ‘ಎಸ್‌ಪಿ’ ಎಂಬ ಸಂಕ್ಷಿಪ್ತ ರೂಪ ಬರೆಯುತ್ತಾರೆ, ಹಲವು ಪ್ರಭೇದಗಳಾದರೆ ‘ಎಸ್‌ಪಿಪಿ’. ಇವನ್ನು ಓರೆ ಅಕ್ಷರದಲ್ಲಿ ಹಾಕುವುದಿಲ್ಲ, ಕುಲನಾಮವನ್ನು ಮಾತ್ರ ಓರೆಯಾಗಿ ಹಾಕುತ್ತಾರೆ. ಸ್ಪೆಕ್ಟ್ರಮ್ ಕೂಡ ಈ ಮನೆಯದೇ. ಲ್ಯಾಟಿನ್‌ನಲ್ಲಿ ಅದಕ್ಕೆ ಕಾಣಿಸಿಕೊಳ್ಳುವ ಆಕೃತಿ, ಭೂತಛಾಯೆ ಎಂದರ್ಥ. ಪಟ್ಟಕದಿಂದ ಬಿದ್ದ ಬಣ್ಣಗಳ ಪಟ್ಟಿಗೆ ನ್ಯೂಟನ್ ಆ ಪದ ಬಳಸಿದ ಪತ್ರ 1672ರಲ್ಲಿ ಅಚ್ಚಾಯಿತು. ಭೂತದ ಅರ್ಥ ಫ್ರೆಂಚ್ ಮೂಲಕ ಬಂದ ‘ಸ್ಪೆಕ್ಟರ್’ನಲ್ಲಿ ಉಳಿದಿದೆ.

ಸ್ಪೈ ಮಾತ್ರ ಲ್ಯಾಟಿನ್ ದಾರಿಯಲ್ಲಿ ಬಂದದ್ದಲ್ಲ. ಜರ್ಮನಿಕ್ ಭಾಷೆಗಳಲ್ಲಿ ಅದೇ ಮೂಲದ ‘ಸ್ಪೆಹೊನ್’ ಎಂಬ ಕ್ರಿಯಾಪದ ಮೊದಲಿಂದಲೂ ಇತ್ತು. ಫ್ರಾಂಕ್ ಜನರಿಂದ ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂತು. ಹಾಗಾಗಿ ಸ್ಪೈ ಮತ್ತು ಇನ್‌ಸ್ಪೆಕ್ಟರ್ ಒಂದೇ ಅಜ್ಜನ ಎರಡು ಬೇರೆ ಊರಿನ ಮೊಮ್ಮಕ್ಕಳು.

ಆ ಅಜ್ಜನನ್ನು ಕೇಳಿದರೆ ನಿಮ್ಮ ‘ಪಶ್ಯತಿ’ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೌದು, ನಂಟಿದೆ. ಭಾಷಾವಿಜ್ಞಾನಿಗಳು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆಲ್ಲ ಪೂರ್ವಜವಾದ ಇಂಡೋ-ಯುರೋಪಿಯನ್ ಮೂಲಭಾಷೆಗೆ ‘ಸ್ಪೆಕ್’ ಎಂಬ ಧಾತುವನ್ನು ಊಹಿಸುತ್ತಾರೆ. ಲ್ಯಾಟಿನ್‌ನಲ್ಲಿ ಕಕಾರವಿರುವಲ್ಲಿ ಸಂಸ್ಕೃತದಲ್ಲಿ ಶಕಾರ ಬರುವುದು ನಿಯತವಾದ ಪಲ್ಲಟ: ಲ್ಯಾಟಿನ್ ‘ದೆಕೆಮ್’ಗೆ ಸಂಸ್ಕೃತದಲ್ಲಿ ‘ದಶ’, ‘ಕೆಂಟುಮ್’ಗೆ ‘ಶತ’. ಅದೇ ಲೆಕ್ಕದಲ್ಲಿ ಸ್ಪೆಕ್ ಎಂಬುದು ‘ಸ್ಪಶ್’. ಆದಿಯ ಸಕಾರ ಬಿದ್ದು ಪಶ್ಯತಿ. ಸಕಾರ ಉಳಿದ ರೂಪವೂ ಇದೆ. ಋಗ್ವೇದದ ಮೊದಲ ಮಂಡಲದ 25ನೇ ಸೂಕ್ತದಲ್ಲಿ ವರುಣನ ಸುತ್ತ ಕುಳಿತಿರುವವರು ‘ಸ್ಪಶಃ’, ಅಂದರೆ ಗೂಢಚಾರರು. ಇಂಗ್ಲಿಷಿನ ಸ್ಪೈಗೆ ಶಬ್ದದಲ್ಲೂ ಅರ್ಥದಲ್ಲೂ ನೇರ ದಾಯಾದಿ! ನಾವು ದಿನಾ ಬಳಸುವ ‘ಸ್ಪಷ್ಟ’ ಕೂಡ ಇದೇ ಧಾತುವಿನದು, ಕಣ್ಣಿಗೆ ಕಂಡದ್ದು ಎಂದರ್ಥ. ಸಂಸ್ಕೃತ ವ್ಯಾಕರಣ ಓದಿದವರು ‘ಪಶ್ಯತಿ ಬರುವುದು ದೃಶ್ ಧಾತುವಿನಿಂದಲ್ಲವೇ’ ಎಂದು ಕೇಳಬಹುದು. ಪಾಣಿನಿ 7.3.78ರ ಸೂತ್ರದಲ್ಲಿ ದೃಶ್‌ಗೆ ಪಶ್ಯ ಎಂಬ ಆದೇಶ, ಅಂದರೆ ಬದಲಿ ರೂಪ, ಹೇಳುತ್ತಾನೆ, ಭಾಷೆಯ ಬಳಕೆಯಲ್ಲಿ ಆ ಎರಡು ಒಂದೇ ಕ್ರಿಯಾಪದದಂತೆ ಕೂಡಿಕೊಂಡಿದ್ದವು. ಚರಿತ್ರೆಯ ಕಣ್ಣಿನಿಂದ ಮಾತ್ರ ಅವು ಎರಡು ಧಾತುಗಳು. ದೃಷ್ಟಿ, ದರ್ಶನಗಳು ಸ್ಪೆಕ್ಟ್‌ನ ನಂಟರಲ್ಲ.

ಗ್ರೀಕರು ಇದೇ ಧಾತುವಿನ ಪಕಾರ, ಕಕಾರಗಳನ್ನು ಅದಲು ಬದಲು ಮಾಡಿ ‘ಸ್ಕೆಪ್’, ‘ಸ್ಕೋಪ್’ ಎಂದರು. ಇದು ವರ್ಣಪಲ್ಲಟ. ಹಳಗನ್ನಡದ ‘ಅಸಗ’ ಇಂದು ‘ಅಗಸ’ ಆಗಿರುವುದು ಅದೇ ಬಗೆಯಲ್ಲಿ. ನೋಡಿ ತೂಗಿ ನಂಬುವವನು ಸ್ಕೆಪ್ಟಿಕ್. ‘ಸ್ಕೊಪೊಸ್’ ಎಂದರೆ ಕಾವಲಿಗೆ ನಿಂತು ನೋಡುವವನು, ಆಮೇಲೆ ನೋಟ ನೆಟ್ಟ ಗುರಿ. ‘ಆ ಕೋರ್ಸಿಗೆ ಸ್ಕೋಪ್ ಇದೆ’ ಎನ್ನುವ ಸ್ಕೋಪ್ ಅಲ್ಲಿಯದು. ಗೆಲಿಲಿಯೊ ತನ್ನ ದೂರದರ್ಶಕವನ್ನು 1610ರ ಲ್ಯಾಟಿನ್ ಪುಸ್ತಕದಲ್ಲಿ ‘ಪರ್ಸ್‌ಪಿಕಿಲ್ಲುಮ್’ ಎಂದು ಕರೆದಿದ್ದ. 1611ರಲ್ಲಿ ರೋಮ್‌ನ ಔತಣಕೂಟವೊಂದರಲ್ಲಿ ಜೊವಾನ್ನಿ ಡೆಮಿಸಿಯಾನಿ ಎಂಬ ಗ್ರೀಕ್ ವಿದ್ವಾಂಸ ಕೊಟ್ಟ ಟೆಲಿಸ್ಕೋಪ್ ಎಂಬ ಹೆಸರು ಉಳಿಯಿತು. ಲ್ಯಾಟಿನ್ ಸ್ಪೆಕ್ ಹೋಗಿ ಗ್ರೀಕ್ ಸ್ಕೋಪ್ ಬಂತು. ಮನೆ ಮಾತ್ರ ಬದಲಾಗಲಿಲ್ಲ. ಆಸ್ಪತ್ರೆಯಲ್ಲಿ ‘ಸ್ಕೋಪ್’ ಎಂದರೆ ಉಪಕರಣ, ‘ಸ್ಕೋಪಿ’ ಎಂದರೆ ಅದರಿಂದ ಮಾಡುವ ಪರೀಕ್ಷೆ: ಎಂಡೋಸ್ಕೋಪ್, ಎಂಡೋಸ್ಕೋಪಿ.

ಹೋರೋಸ್ಕೋಪ್ ಎಂದರೆ ಗ್ರೀಕ್‌ನಲ್ಲಿ ‘ಹೊತ್ತು ನೋಡುವುದು’. ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿಗೆ, ಅಂದರೆ ನಾವು ಲಗ್ನ ಎನ್ನುವುದಕ್ಕೆ ಆ ಹೆಸರಿತ್ತು. ಅದರಲ್ಲಿರುವ ‘ಹೋರಾ’ ಗ್ರೀಕ್‌ನಿಂದ ಸಂಸ್ಕೃತಕ್ಕೂ ಬಂತು, ನಮ್ಮ ಹೋರಾಶಾಸ್ತ್ರದ ಹೋರಾ ಅದೇ. ವರಾಹಮಿಹಿರ ಮಾತ್ರ ಅದನ್ನು ‘ಅಹೋರಾತ್ರ’ದ ಮೊದಲ, ಕೊನೆಯ ಅಕ್ಷರ ಬಿಟ್ಟ ರೂಪವೆಂದು ಕೆಲವರು ಹೇಳುತ್ತಾರೆಂದು ದಾಖಲಿಸಿದ್ದಾನೆ.

ಇಡೀ ಕುಟುಂಬದಲ್ಲಿ ಗುರುತೇ ಸಿಗದಂತೆ ಬದಲಾದದ್ದು ಬಿಷಪ್. ಗ್ರೀಕ್‌ನ ‘ಎಪಿಸ್ಕೊಪೊಸ್’ ಎಂದರೆ ಮೇಲೆ ನಿಂತು ನೋಡಿಕೊಳ್ಳುವವನು. ಮೊದಲಿನ ಎಕಾರ ಬಿತ್ತು, ಪಕಾರ ಬಕಾರವಾಯಿತು, ಕೊನೆಯ ಅಕ್ಷರ ಉದುರಿತು. ಹಳೆಯ ಇಂಗ್ಲಿಷಿನಲ್ಲಿ ‘ಸ್ಕ್’ ಎಲ್ಲ ‘ಷ್’ ಆಗುತ್ತ ಬಂದಾಗ ಮೀನಿನ ‘ಫಿಸ್ಕ್’ ಫಿಷ್ ಆಯಿತು, ‘ಬಿಸ್ಕೊಪ್’ ಬಿಷಪ್ ಆಯಿತು. ಅದೇ ಪದ ಪೋರ್ಚುಗೀಸರ ‘ಬಿಸ್ಪೊ’ ಮೂಲಕ ಮಂಗಳೂರಿನ ಕೊಂಕಣಿಯಲ್ಲಿ ‘ಬಿಸ್ಪ್’ ಆಗಿದೆ. ಕನ್ನಡದ ಕ್ರೈಸ್ತರು ಬಳಸುವ ‘ಧರ್ಮಾಧ್ಯಕ್ಷ’ರಲ್ಲಿ ಇರುವ ಅಧ್ಯಕ್ಷ ಎಂದರೆ ಅಧಿ + ಅಕ್ಷ, ಮೇಲೆ ಕಣ್ಣಿಟ್ಟವರು. ಎಪಿಸ್ಕೊಪೊಸ್‌ಗೆ ಇದಕ್ಕಿಂತ ನಿಖರವಾದ ಕನ್ನಡ ಸಿಗಲಾರದು.

ಕಲಿಸುವಾಗ ನಾನು ಸೂಚಿಸುವ ಕ್ರಮ ಇದು. ದಿನಕ್ಕೊಂದು ಪದ ಸಾಕು. ಮೊದಲು ಉಪಸರ್ಗ ಬಿಡಿಸಿ, ಆಮೇಲೆ ಧಾತುವಿನ ಯಾವ ರೂಪ ಇದೆ ಎಂದು ಗುರುತಿಸಲಿ: ಸ್ಪೆಕ್ಟ್, ಸ್ಪಿಕ್, ಸ್ಪೆಷ್, ಸ್ಪೈಸ್, ಸ್ಕೋಪ್. ‘ಯಾರು, ಯಾವ ಕಡೆಗೆ ನೋಡುತ್ತಿದ್ದಾರೆ’ ಎಂದು ಕನ್ನಡದಲ್ಲೇ ಒಂದು ವಾಕ್ಯ ಬರೆಯಲಿ, ಸಾಧ್ಯವಾದರೆ ಈಕ್ಷ್ ಗುಂಪಿನಿಂದ ಹತ್ತಿರದ ಪದ ಹುಡುಕಲಿ. ಇಂದಿನ ಅರ್ಥವನ್ನು ಮಾತ್ರ ಧಾತುವಿನಿಂದ ಊಹಿಸಬಾರದು, ನಿಘಂಟು ತೆರೆದೇ ನೋಡಬೇಕು. ಸ್ಪೀಷಸ್ ಎಂಬ ಗುಣವಾಚಕವನ್ನು ತೆಗೆದುಕೊಳ್ಳಿ. ಮೂಲದಲ್ಲಿ ‘ನೋಡಲು ಚೆಂದ’, ಇಂದು ‘ಮೇಲ್ನೋಟಕ್ಕೆ ಸರಿಯೆನಿಸುವ, ಒಳಗೆ ಪೊಳ್ಳಾದ ವಾದ’. ಧಾತು ನಂಬಿ ಅದನ್ನು ಹೊಗಳಿಕೆಗೆ ಬಳಸಿದರೆ ಅರ್ಥ ತಿರುವುಮುರುವಾಗುತ್ತದೆ.

ಹೋಲಿಕೆ ಕಂಡು ಒಳಗೆ ಸೇರಿಸಬಾರದವೂ ಕೆಲವಿವೆ. ಇನ್‌ಸ್ಪೈರ್, ಪರ್ಸ್‌ಪೈರ್, ಕಾನ್‌ಸ್ಪೈರ್, ಆಸ್ಪೈರ್ ಇವು ಉಸಿರಾಡು ಎಂಬ ‘ಸ್ಪಿರಾರೆ’ಯ ಮಕ್ಕಳು. ಹಾಸ್ಪಿಸ್ ಬಂದದ್ದು ಅತಿಥಿ ಎಂಬ ಪದದಿಂದ, ಆಸ್ಪಿಸ್‌ಗೂ ಅದಕ್ಕೂ ಸಂಬಂಧವಿಲ್ಲ. ಲ್ಯಾಂಡ್‌ಸ್ಕೇಪ್‌ನಲ್ಲಿ ಸ್ಕೋಪ್ ಇಲ್ಲ, ಅದು ಡಚ್ಚರಿಂದ ಬಂದ ಪದ, ಅದರ ಕೊನೆಯ ಭಾಗ ಫ್ರೆಂಡ್‌ಶಿಪ್‌ನ ‘ಶಿಪ್’ಗೆ ಸೋದರ. ಇದಕ್ಕೆ ತದ್ವಿರುದ್ಧವಾಗಿ, ಪುಸ್ತಕದ ಶೀರ್ಷಿಕೆ ಪುಟದ ಎದುರಿನ ಚಿತ್ರಕ್ಕೆ ಹೇಳುವ ಫ್ರಾಂಟಿಸ್ಪೀಸ್ ಹೊರಗಿನದಂತೆ ಕಂಡರೂ ಒಳಗಿನದು. ಲ್ಯಾಟಿನ್ ‘ಫ್ರೊಂಟಿಸ್ಪಿಕಿಯುಮ್’, ಎದುರಿಗೆ ಕಾಣುವ ಮುಖ. ಕೊನೆಯ ಸದ್ದನ್ನು ತುಂಡು ಎಂಬರ್ಥದ ‘ಪೀಸ್’ ಎಂದು ಕೇಳಿಸಿಕೊಂಡ ಇಂಗ್ಲಿಷರು ಕಾಗುಣಿತವನ್ನೇ ಹಾಗೆ ತಿದ್ದಿಬಿಟ್ಟರು. ಡಿಕ್ಟೇಶನ್‌ನಲ್ಲಿ ಈ ಪದ ಬಂದರೆ ‘ಪೀಸ್’ ಎಂದೇ ಬರೆಯಬೇಕು.